ಮಜ್ಜಿಗೆ ಹುಲ್ಲಿನ ಎಣ್ಣೆ ಕಾಯಿಸಿದ್ದು

ಎಣ್ಣೆ ಕಾಯಿಸುವುದನ್ನು ನನಗೆ ಯಾರೂ ಕಲಿಸಬೇಕಾಗಿಲ್ಲ. ತ್ರಾಸಿಯಲ್ಲಿ ನನ್ನಷ್ಟು ತೆಂಗಿನೆಣ್ಣೆ ಕಾಯಿಸಿದ ಮುದುಕಿ ಇನ್ನೊಬ್ಬಳಿದ್ದರೆ ಮುಂದೆ ಬರಲಿ!

ನಮ್ಮ ಹೆಂಗಸರ ಸಂಘ ನಿಂಬೆ ಪರಿಮಳದ ಮಜ್ಜಿಗೆ ಹುಲ್ಲು ಬೆಳೆದು, ಎಣ್ಣೆ ತೆಗೆದು ಮಾರಲು ಹೊರಟಿತ್ತು. ಯಾವ ತಳಿ ನೆಡುವುದೆಂದೇ ಜಗಳ. ನನ್ನ ಬಚ್ಚಲ ಹಿಂದಿನ ಊರ ಹುಲ್ಲೋ, ಪಕ್ಕದ ಮನೆ ಗಿರಿಜ ಬ್ರಹ್ಮಾವರದಿಂದ ತಂದ ಹೊಸ ಹುಲ್ಲೋ? ಯಾರ ಎಣ್ಣೆ ಹೆಚ್ಚೋ, ಚಲೋದೋ, ಸಂಘದ ಗದ್ದೆಯೆಲ್ಲ ಅವರ ಹುಲ್ಲಿಗೆ. ನಾನು ನನ್ನ ಹುಲ್ಲನ್ನೆಲ್ಲ ಬುಡದವರೆಗೆ ಬೋಳಿಸಿ ಕೊಟ್ಟೆ.

ಎರಡನ್ನೂ ಸಮ ತೂಗಿ, ಬೇರೆ ಬೇರೆಯಾಗಿ ಭಟ್ಟಿಗೆ ಹಾಕಿದರು. ಹಬೆ ಕೊಳವೆಯಲ್ಲಿ ತಣಿದು ಬಾಟಲಿಗೆ ತೊಟ್ಟಿಕ್ಕಿತು. ಕೆಳಗೆ ನೀರು, ಮೇಲೆ ಹೊಂಬಣ್ಣದ ಎಣ್ಣೆ. ಹೊರೆ ಹುಲ್ಲಿಗೆ ಬೆರಳಷ್ಟು! ಆ ಪರಿಮಳಕ್ಕೆ ನನ್ನ ಬಾಯಿ ಕಟ್ಟಿತು. ಅದು ಸುಲಭಕ್ಕೆ ಕಟ್ಟುವ ಬಾಯಲ್ಲ.

ನನ್ನ ಎಣ್ಣೆ ಗಿರಿಜಳದ್ದಕ್ಕಿಂತ ಒಂದು ಗೆರೆ ಮೇಲೇ ಇತ್ತು. ಸಂಜೆ ಕೃಷಿ ಇಲಾಖೆಯ ಮೇಡಂ ಬಂದು ತೀರ್ಪು ಹೇಳುವವರು. ಅಲ್ಲಿಯವರೆಗೆ ಬಾಟಲಿ ಅವರವರ ಮನೆಯಲ್ಲಿ. ಸುಮ್ಮನೆ ಕೂತಿದ್ದರೆ ಗೆದ್ದಿದ್ದೆ. ಕೂರಲಿಲ್ಲ.

ಎಣ್ಣೆಯಲ್ಲಿ ನೀರಿದ್ದರೆ ಕಾಯಿಸಿ ನೀರು ಹೋಗಿಸಬೇಕು. ತೆಂಗಿನೆಣ್ಣೆಗೆ ಅದೇ ಕ್ರಮ. ಬಾಣಲೆ ಒಲೆಗೇರಿಸಿ ಬಾಟಲಿ ಸುರಿದೆ.

ಅಬ್ಬಾ! ಅಡುಗೆಮನೆ ತುಂಬಿತು, ಅಂಗಳ ತುಂಬಿತು, ಹೆದ್ದಾರಿಯಲ್ಲಿ ಬಸ್ಸಿಗೆ ಕಾದವರು ತಿರುಗಿ ನೋಡಿದರಂತೆ. ನಮ್ಮ ಯಜಮಾನರು ಜಗಲಿಯಿಂದ ಎದ್ದು ಬಂದರು.

"ಎಂತದೇ ಇದ್? ಒಳ್ಗೆ ದೇವ್ರ್ ಬಂದ್ರಾ?"

"ನನ್ ಹುಲ್! ಹ್ಯಾಂಗಿತ್ತ್ ಕಾಣಿ!"

ಬೇಲಿಯಾಚೆಯಿಂದ ಗಿರಿಜ ಕೂಗಿದಳು. "ಹ್ವಾಯ್ ಅಕ್ಕಯ್ಯ, ನಾನ್ ಸೋತೆ! ನನ್ ಹುಲ್ಲಿಗೆ ಇಷ್ಟ್ ಪರಿಮಳ ಇಲ್ಲೆ!"

ನಾನು ಸೌಟು ಹಿಡಿದು ನಿಂತೇ ಇದ್ದೆ. ದನವೂ ಮೂಸದ ಹುಲ್ಲು, ಅದರ ಹೊಟ್ಟೆಯಲ್ಲಿ ಇಷ್ಟೊಂದು!

ಮೇಡಂ ಬಂದರು. ಬಾಣಲೆ ತೋರಿಸಿದೆ. ತಳದಲ್ಲಿ ನೀರು. ಬರೀ ನೀರು!

"ಎಣ್ಣೆ ಎಲ್ಲಮ್ಮಾ?"

"ಈಗ ಇದ್ದಿತ್ತಲೆ..."

"ಕಾಯಿಸಿದ್ರಾ? ಅಯ್ಯೋ, ಇದು ತೆಂಗಿನೆಣ್ಣೆ ಅಲ್ಲಮ್ಮಾ. ಹಬೆ ಜೊತೆ ಬಂದ ಎಣ್ಣೆ, ಹಬೆ ಜೊತೆಗೇ ಹೋಯ್ತು."

"ಸುಮ್ನೆ ಹೋಯ್ಲಿಲ್ಲೆ ಮೇಡಂ," ಎಂದರು ಯಜಮಾನರು, "ಊರಿಗೆಲ್ಲ ಹೇಳಿ ಹೋಯ್ತ್!"

ಇನ್ನೊಮ್ಮೆ ಇಳಿಸೋಣವೆಂದರೆ ಬುಡದಲ್ಲಿ ಒಂದೆಸಳೂ ಉಳಿದಿರಲಿಲ್ಲ. ಗದ್ದೆಯೆಲ್ಲ ಗಿರಿಜಳ ಹುಲ್ಲಿಗೆ ಹೋಯಿತು. ಸಂಘದಲ್ಲಿ ಕೆಲಸ ಹಂಚಿದಾಗ ಎಣ್ಣೆಯ ಉಸ್ತುವಾರಿಯೂ ಅವಳಿಗೇ. ನನಗೆ ಕೊಳವೆ ತಣಿಸುವ ನೀರಿನ ಉಸ್ತುವಾರಿ. ನೀರನ್ನಾದರೂ ಉಳಿಸಿಕೊಂಡವಳು ನಾನಂತೆ!