ಸಿಡಿ ಕಾಣದ ಕಂಪ್ಯೂಟರು ಮತ್ತು ನನ್ನ ಶಾಂತ ಸ್ವಭಾವ

ಸಿಟ್ಟಿನ ಮನುಷ್ಯ ಎಂದು ಒಮ್ಮೆ ಹೆಸರು ಬಿತ್ತೆಂದರೆ ಮುಗಿಯಿತು, ಆಮೇಲೆ ನೀವು ಸೀನಿದರೂ ಅದು ಸಿಟ್ಟಿನ ಸೀನೇ. ಕೊಟ್ಟೂರಿನಲ್ಲಿ ನನ್ನದೊಂದು ಬೀಜ-ಗೊಬ್ಬರದ ಅಂಗಡಿ ಇದೆ. ಅಂಗಡಿ ಮುಂದೆ ದಿನವಿಡೀ ಟ್ರ್ಯಾಕ್ಟರುಗಳು ಗುಡುಗುತ್ತಿರುತ್ತವೆ. ಆ ಗದ್ದಲದಲ್ಲಿ ಯೂರಿಯಾ ಬಂದಿಲ್ಲ ಎಂಬ ಒಂದೇ ಮಾತನ್ನು ಬೆಳಗಿನಿಂದ ಸಂಜೆಯ ತನಕ ಹೇಳಿ ಹೇಳಿ ನನ್ನ ದನಿ ತುಸು ದೊಡ್ಡದಾಗಿದೆ, ಅಷ್ಟೆ. ದೊಡ್ಡ ದನಿಯೇ ಬೇರೆ, ಸಿಟ್ಟೇ ಬೇರೆ. ಇದನ್ನು ಮನೆಯವರಿಗೆ ಎಷ್ಟೋ ಸಲ ಬಿಡಿಸಿ ಹೇಳಿದ್ದೇನೆ. ಹೇಳಿದಾಗಲೆಲ್ಲ ಪಕ್ಕದ ಮನೆಯವರು ಬಾಗಿಲಿಗೆ ಬಂದು "ಏನಾತ್ರಿ, ಎಲ್ಲಾ ಆರಾಮ ಅದೀರಲ್ಲ?" ಎಂದು ವಿಚಾರಿಸಿಕೊಂಡು ಹೋಗಿದ್ದಾರೆ.

ಈ ಹೆಸರಿನಿಂದ ನನಗೆ ಇಲ್ಲಿಯವರೆಗೆ ದೊಡ್ಡ ನಷ್ಟವೇನೂ ಆಗಿರಲಿಲ್ಲ. ಮೊನ್ನೆ ಆಗುವುದರಲ್ಲಿತ್ತು. ನನ್ನ ಎರಡನೆಯ ಮಗಳು ಸುಮಾ ಕೂಡ್ಲಿಗಿಯಲ್ಲಿ ಟೀಚರು. ಅವಳಿಗೆ ಹಡಗಲಿ ಕಡೆಯ ಒಂದು ಸಂಬಂಧ ಕೂಡಿಬಂದಿತ್ತು. ಹುಡುಗ-ಹುಡುಗಿ ಒಪ್ಪಿದ್ದರು, ಭಾನುವಾರ ಅವರ ಹಿರಿಯರು ಮಾತುಕತೆಗೆ ಬರುವವರಿದ್ದರು. ಗುರುವಾರ ನನ್ನಾಕೆಯ ತಮ್ಮ ವೀರೇಶ ಮನೆಗೆ ಬಂದು, ಚಹಾ ಕುಡಿದು, ಲೋಟ ಕೆಳಗಿಟ್ಟು, ನೆಲ ನೋಡುತ್ತ ಹೇಳಿದ: "ಭಾವಾರ, ಅವತ್ತು ನೀವು ಅಂಗಡ್ಯಾಗ ಇರ್ರಿ. ಮಾತುಕತಿ ನಾನು ನೋಡ್ಕೊಂತೀನಿ. ಎಲ್ಲಾ ಮುಗದ ಮ್ಯಾಲ ಫೋನ್ ಹಚ್ತೀನಿ, ಬಂದು ಊಟ ಮಾಡೀರಂತ."

ನನ್ನ ಮಗಳ ಮದುವೆ ಮಾತುಕತೆ, ನಾನು ಊಟಕ್ಕೆ ಬರಬೇಕಂತೆ! ಮೈಯೆಲ್ಲ ಉರಿದುಹೋಯಿತು. ಆದರೂ ತಾಳ್ಮೆ ಕಳೆದುಕೊಳ್ಳದೆ ಕಾರಣ ಕೇಳಿದೆ. ನಾನು ಕೇಳಿದ್ದಕ್ಕೆ ಅಡುಗೆಮನೆಯಿಂದ ನನ್ನಾಕೆ ಸೌಟು ಹಿಡಿದುಕೊಂಡೇ ಓಡಿಬಂದಳು.

"ದೊಡ್ಡಾಕಿ ಮದುವ್ಯಾಗ ನೀವು ಒದರಿದ್ದು ಹರಪನಹಳ್ಳಿ ಬೀಗರು ಇನ್ನೂ ಮರ್ತಿಲ್ಲ. ಈ ಸಂಬಂಧ ತಪ್ಪಿದ್ರ ಸುಮಾನ ಮಾರಿ ಹೆಂಗ ನೋಡ್ಲಿ ನಾನು?"

"ಒದರಿದ್ದಾ? ನಾನಾ? ಮದುವಿ ಸಿಡಿ ಐತಿ, ಹಾಕಿ ನೋಡ್ರಿ! ಅದರಾಗ ನಾನು ಒಬ್ಬರಿಗಾದ್ರೂ ಒದರಿದ್ದು ಇದ್ರ ಭಾನುವಾರ ಅಂಗಡಿ ಬಿಟ್ಟು ಕದಲಂಗಿಲ್ಲ. ಇಲ್ಲಂದ್ರ ಮುಂದಿನ ಕುರ್ಚಿ ನಂದು!"

ಮೂಲೆಯಲ್ಲಿ ಮಕ್ಕಳ ಉತ್ತರಪತ್ರಿಕೆ ತಿದ್ದುತ್ತಿದ್ದ ಸುಮಾ ತಲೆ ಎತ್ತಿ ಒಮ್ಮೆ ನೋಡಿದಳು, ಮತ್ತೆ ತಿದ್ದತೊಡಗಿದಳು.

ಸಿಡಿಯೇನೋ ಅಲಮಾರಿಯಲ್ಲಿ ರೇಷ್ಮೆ ಸೀರೆಗಳ ನಡುವೆ ಜೋಪಾನವಾಗಿತ್ತು. ಅದನ್ನು ಹಾಕುವುದೆಲ್ಲಿ? ಟಿವಿಯ ಪಕ್ಕ ಇದ್ದ ಪ್ಲೇಯರನ್ನು ನನ್ನಾಕೆ ಎಂದೋ ಗುಜರಿಯವನಿಗೆ ಕೊಟ್ಟು ಪ್ಲಾಸ್ಟಿಕ್ ಬುಟ್ಟಿ ತೆಗೆದುಕೊಂಡಿದ್ದಳು. ಮದುವೆಯ ವಿಡಿಯೋ ತೆಗೆದವನ ಸ್ಟುಡಿಯೋ ಇದ್ದ ಜಾಗದಲ್ಲಿ ಈಗ ಮೊಬೈಲ್ ಕವರು ಮಾರುತ್ತಾರೆ. ಸುಮಾಳ ಲ್ಯಾಪ್‌ಟಾಪನ್ನು ನಾಲ್ಕೂ ಕಡೆ ತಿರುಗಿಸಿ ನೋಡಿದೆ, ಸಿಡಿ ತೂರಿಸಲು ಅದಕ್ಕೆ ಬಾಯೇ ಇಲ್ಲ. ಅಷ್ಟೊಂದು ಬೆಲೆ ತೆಗೆದುಕೊಂಡು ಬಾಯಿಲ್ಲದ ವಸ್ತು ಮಾರುವವರಿಗೆ ಏನೆನ್ನಬೇಕೋ! ಕೊನೆಗೆ ಉಳಿದದ್ದು ಅಂಗಡಿಯ ಹಳೇ ಕಂಪ್ಯೂಟರು. ಅದಕ್ಕೆ ಬಾಯಿತ್ತು. ಗುಂಡಿ ಒತ್ತಿದೆ, ಟ್ರೇ ಹೊರಗೆ ಬಂತು. ಸಿಡಿ ಇಟ್ಟೆ, ಒಳಗೆಳೆದುಕೊಂಡಿತು. ಗಿರ್ರೆಂದು ತಿರುಗಿತು, ಹಸಿರು ದೀಪ ಮಿಣುಕಿತು. ಪರದೆ ನೋಡಿದರೆ ಸಿ ಇದೆ, ಡಿ ಇದೆ, ಸಿಡಿಯ ಸುದ್ದಿಯೇ ಇಲ್ಲ. ತೆಗೆದು ಒರೆಸಿ ಹಾಕಿದೆ. ಮನೆಯಿಂದ ಮೊಮ್ಮಗಳ ಹಾಡಿನ ಸಿಡಿ ತರಿಸಿ ಹಾಕಿದೆ. ಎಲ್ಲಕ್ಕೂ ಒಂದೇ ಉತ್ತರ, ಅಂಥದ್ದೊಂದು ಡ್ರೈವು ನನ್ನಲ್ಲಿ ಇಲ್ಲವೇ ಇಲ್ಲ ಎಂಬಂತೆ. ಅಲ್ಲ, ಹೊಟ್ಟೆಯೊಳಗೆ ಸಿಡಿ ಗಿರಗಿರ ತಿರುಗುವುದು ನನ್ನ ಕಿವಿಗೇ ಕೇಳುತ್ತಿದೆ, ಆ ಹೊಟ್ಟೆಯ ಒಡೆಯನಿಗೇ ಕೇಳುವುದಿಲ್ಲವೆಂದರೆ ಯಾರಿಗೆ ಹೇಳುವುದು? ಮೇಜಿನ ಮೇಲೆ ಒಂದೆರಡು ಸಲ ಕೈ ಬಡಿದೆ. ಸಿಟ್ಟಿನಿಂದಲ್ಲ. ಟಿವಿಯಾದರೂ ಹಿಂದೆಲ್ಲ ಹಾಗೇ ಸರಿಹೋಗುತ್ತಿತ್ತು.

ನನ್ನ ಕಂಪ್ಯೂಟರಿನ ಯೋಗಕ್ಷೇಮ ನೋಡಿಕೊಳ್ಳುವವನು ಹಗರಿಬೊಮ್ಮನಹಳ್ಳಿಯ ಒಬ್ಬ ರಿಪೇರಿಯವನು. ಅವನಿಗೆ ಫೋನು ಹಚ್ಚಿದೆ. "ಸಾವ್ಕಾರ್ರ, ನೀವು ಕಂಪ್ಯೂಟರಿಗೆ ಇಬತ್ತಿ ಹಚ್ತೀರಲ್ಲ, ಅದು ಒಳಗ ಹೋಗಿರ್ತೈತ್ರಿ" ಎಂದ. ಇದ್ಯಾವ ನ್ಯಾಯ ಸ್ವಾಮಿ? ಅಮಾವಾಸ್ಯೆಗೆ ಅಂಗಡಿ ಪೂಜೆ ಮಾಡುವಾಗ ತಕ್ಕಡಿಗೆ ಹಚ್ಚುತ್ತೇವೆ, ಗಲ್ಲಾಪೆಟ್ಟಿಗೆಗೆ ಹಚ್ಚುತ್ತೇವೆ, ಕಂಪ್ಯೂಟರಿಗೂ ಮೂರು ಬೆರಳು ವಿಭೂತಿ ಎಳೆಯುತ್ತೇವೆ. ಅದೊಂದೇನು ಪಾಪ ಮಾಡಿದೆ? ತಕ್ಕಡಿ ಎಂದಾದರೂ ಮೂಟೆ ಕಾಣಿಸುತ್ತಿಲ್ಲ ಎಂದಿದೆಯೇ? ಆದರೂ ನನಗೂ ಅಳುಕಾಯಿತು. ಕಳೆದ ಆಯುಧಪೂಜೆಗೆ ಕಾಯಿ ಒಡೆದಾಗ ನೀರು ಆ ಕಡೆ ಸಿಡಿದಿತ್ತು. ಹೀಗಾಗಿ ನನ್ನಾಕೆಯ ಕೂದಲು ಒಣಗಿಸುವ ಯಂತ್ರ ತಂದು ಡ್ರೈವಿನ ಬಾಯಿಗೆ ಹಿಡಿದೆ. ಒಳಗಿಂದ ವಿಭೂತಿ ಬರಲಿಲ್ಲ, ಎರಡು ಹತ್ತಿಬೀಜ ಬಂದವು.

ಆಮೇಲೆ ಮೊಬೈಲಿನ ವಿಡಿಯೋಗಳ ಮೊರೆಹೋದೆ. ಅದರಲ್ಲೊಬ್ಬ ಮಹಾಶಯ ಹಿಂದಿಯಲ್ಲಿ ಬಡಬಡಿಸುತ್ತ, ಮೊದಲು ಚಾನೆಲ್ಲಿನ ಗಂಟೆ ಗುರುತು ಒತ್ತಿರಿ ಎಂದ, ಒತ್ತಿದೆ. ಡಿವೈಸ್ ಮ್ಯಾನೇಜರ್ ತೆರೆಯಿರಿ ಎಂದ, ತೆರೆದೆ. ಅಲ್ಲಿ ಡಿವಿಡಿ ಎಂಬ ಸಾಲಿನ ಮೇಲೆ ಒತ್ತಿ ಅದನ್ನು ಕಿತ್ತುಹಾಕಿ, ಕಂಪ್ಯೂಟರು ತಾನೇ ಹುಡುಕಿಕೊಳ್ಳುತ್ತದೆ ಎಂದ. ಆ ಸಾಲೇ ಇಲ್ಲವಲ್ಲೋ ಮಾರಾಯ, ಇದ್ದಿದ್ದರೆ ನಿನ್ನ ಹತ್ತಿರ ಯಾಕೆ ಬರುತ್ತಿದ್ದೆ! ಇನ್ನೊಬ್ಬ ರಿಜಿಸ್ಟ್ರಿಯೊಳಗೆ ಹೋಗಿ ಯಾವುದೋ ಸಾಲು ಅಳಿಸಿರಿ ಎಂದ. ಅಳಿಸಿ ರೀಸ್ಟಾರ್ಟ್ ಮಾಡಿದರೆ ಕಂಪ್ಯೂಟರು ನೀಲಿ ಬಣ್ಣಕ್ಕೆ ತಿರುಗಿ, ಅಪ್‌ಡೇಟ್ ಆಗುತ್ತಿದೆ, ಆರಿಸಬೇಡಿ ಎಂದು ಕೂತುಬಿಟ್ಟಿತು. ಅಷ್ಟರಲ್ಲಿ ಮೋಜು ನೋಡಲು ವೀರೇಶ ಬಂದ. "ಬಿಡ್ರಿ ಭಾವಾರ, ಸಿಡಿ ಹಾಕಿದ್ರೂ ಹಾಕದಿದ್ರೂ ನಡದದ್ದು ಊರಿಗೇ ಗೊತ್ತೈತಿ" ಎಂದು ನನ್ನ ಸ್ಟೂಲಿನ ಮೇಲೇ ಕೂತು ಮಂಡಕ್ಕಿ-ಮಿರ್ಚಿ ತರಿಸಿಕೊಂಡು ತಿಂದ. ಗಿರಾಕಿಯೊಬ್ಬ ಬಿತ್ತನೆ ಶೇಂಗಾ ಕೇಳಿದ್ದಕ್ಕೆ ನಾನು ಇದೆ ಎಂದೆ. ಅವನು ಬೆದರಿ ಎರಡು ಹೆಜ್ಜೆ ಹಿಂದೆ ಸರಿದು, "ಇರ್ಲಿ ಬಿಡ್ರಿ, ನಾಳಿ ಬರ್ತೀನಿ" ಎಂದು ಹೋಗಿಯೇಬಿಟ್ಟ. ಇದಕ್ಕೂ ನನ್ನನ್ನೇ ಅಂದರು.

ಶನಿವಾರ ಕಂಪ್ಯೂಟರಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹಗರಿಬೊಮ್ಮನಹಳ್ಳಿಗೆ ಹೋದೆ. ರಿಪೇರಿಯವನು ಪಕ್ಕದ ತಗಡು ಬಿಚ್ಚಿದ, ಒಳಗೆ ಟಾರ್ಚು ಹಾಕಿ ನೋಡಿದ, ನಾಲಿಗೆ ಕಚ್ಚಿಕೊಂಡ. ಡ್ರೈವಿಗೆ ಎರಡು ವೈರು ಇರಬೇಕಂತೆ. ಒಂದು ಕರೆಂಟಿನದು, ಇನ್ನೊಂದು ಕಂಪ್ಯೂಟರಿನ ಜೊತೆ ಮಾತಾಡುವುದು. ಕರೆಂಟಿನದು ಇತ್ತು, ಅದಕ್ಕೇ ಟ್ರೇ ಬರುತ್ತಿತ್ತು, ದೀಪ ಮಿಣುಕುತ್ತಿತ್ತು. ಮಾತಾಡುವ ವೈರೇ ಇರಲಿಲ್ಲ.

"ಎಲ್ಲಿ ಹೋತದು?" ಎಂದೆ.

"ಹೋದ ವರ್ಷ ಹೊಸಾ ಡಿಸ್ಕ್ ಹಾಕಿದ್ನಲ್ರಿ, ವೈರ್ ಕಮ್ಮಿ ಬಿತ್ತು. ಈಗಿನ ಕಾಲದಾಗ ಸಿಡಿ ಯಾರ್ ಹಾಕ್ತಾರ ಅಂತ ಇದರದ ಕಿತ್ತು ಅದಕ್ಕ ಹಾಕೀನ್ರಿ."

ಓದುಗರೇ, ಈಗ ನೀವೇ ಹೇಳಿ. ನನ್ನ ಕಂಪ್ಯೂಟರಿನ ವೈರು ಕಿತ್ತವನು ಇವನು, ಹೊಸ ಡಿಸ್ಕಿನ ಜೊತೆಗೆ ವೈರಿಗೂ ದುಡ್ಡು ತೆಗೆದುಕೊಂಡವನು ಇವನು, ದೇವರ ವಿಭೂತಿಯ ಮೇಲೆ ಗೂಬೆ ಕೂರಿಸಿದವನೂ ಇವನೇ. ಆಗ ನಾನು ಆಡಿದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ಆದರೆ ಅದು ಸಿಟ್ಟಲ್ಲ, ತಿಳಿವಳಿಕೆ ಹೇಳಿದ್ದು. ಎದುರಿನ ಹೋಟೆಲಿನವರು ಗಿರಾಕಿಗಳ ಸಮೇತ ಹೊರಗೆ ಬಂದು ನಿಂತು ಕೇಳಿದರು. ಅವನು ಗಪ್ಪನೆ ಹೊಸ ವೈರು ಹಾಕಿದ. ಡ್ರೈವು ಪರದೆಯ ಮೇಲೆ ಮೂಡಿದ್ದನ್ನು ಕಂಡು ನನಗೆ ಕಣ್ಣೀರು ಬರುವುದೊಂದು ಬಾಕಿ.

ಸಂಜೆ ಮನೆಯ ನಡುಮನೆಯಲ್ಲಿ ಕಂಪ್ಯೂಟರು ಇಟ್ಟು ಎಲ್ಲರನ್ನೂ ಕೂರಿಸಿದೆ. ಸಿಡಿ ಓಡಿತು. ಅರಿಶಿನ ಹಚ್ಚುವುದು ಬಂತು, ನಾನಿಲ್ಲ. ಬೀಗರನ್ನು ಎದುರುಗೊಳ್ಳುವುದು ಬಂತು, ವೀರೇಶ ಹಲ್ಲು ಕಿರಿಯುತ್ತಿದ್ದಾನೆ, ನಾನಿಲ್ಲ. "ಎಲ್ಲಿ? ಎಲ್ಲಿ ಒದರೀನಿ, ತೋರಿಸ್ರಿ!" ಎಂದು ಒಂದೊಂದು ದೃಶ್ಯಕ್ಕೂ ಕೇಳಿದೆ. ಅಕ್ಕಿಕಾಳಿನ, ಅಂದರೆ ಅಕ್ಷತೆ ಹಾಕುವ ಹೊತ್ತಾಯಿತು. ದೊಡ್ಡ ಮಗಳು ತಲೆ ತಗ್ಗಿಸಿ ಕೂತಿದ್ದಳು, ಕಣ್ಣು ತುಂಬಿದ್ದವು. ಎಲ್ಲರೂ ಕೈಯಲ್ಲಿ ಅಕ್ಕಿ ಹಿಡಿದು ನಿಂತಿದ್ದರು. ಅಲ್ಲೂ ನಾನಿರಲಿಲ್ಲ. ಗೆಲ್ಲುತ್ತಿದ್ದೇನೆಂಬ ಹುರುಪಿನಲ್ಲಿದ್ದವನು ಪರದೆಯ ಹತ್ತಿರಕ್ಕೆ ಸರಿದು ನನ್ನನ್ನೇ ಹುಡುಕತೊಡಗಿದೆ. ಮಗಳ ತಲೆಯ ಮೇಲೆ ಅಕ್ಕಿ ಬೀಳುವಾಗ ನಾನೆಲ್ಲಿ ಹೋಗಿದ್ದೆ? ಅಯ್ಯನವರು ಮಂತ್ರ ನಿಲ್ಲಿಸಿ, ಇನ್ನೇನು ವಾದ್ಯದವರಿಗೆ ಕೈ ಮಾಡಬೇಕು, ಮಂಟಪವೆಲ್ಲ ನಿಶ್ಶಬ್ದ. ಆಗ ಹಿಂದಿನ ಅಡುಗೆಮನೆ ಕಡೆಯಿಂದ ಸಿಡಿಲು ಹೊಡೆದಂತೆ ಕೇಳಿತು:

"ಬೀಗರ ಪಂಕ್ತಿಗೆ ಹೋಳಿಗಿ ಒಣಾದು ಬಡಸ್ತೀರೇನಲೇ? ತುಪ್ಪದ ಡಬ್ಬಿ ಎಲ್ಲೈತಿ?"

ಪರದೆಯಲ್ಲಿ ಅಕ್ಕಿ ಹಿಡಿದವರೆಲ್ಲ ಹಿಂದೆ ತಿರುಗಿದರು. ಅಳುತ್ತಿದ್ದ ಮಗಳು ಫಕ್ಕನೆ ನಕ್ಕಳು. ನಡುಮನೆಯಲ್ಲೂ ಎಲ್ಲರೂ ನಕ್ಕರು. ನನಗೆ ಆ ಕ್ಷಣವೆಲ್ಲ ಕಣ್ಣ ಮುಂದೆ ಬಂತು. ತುಪ್ಪದ ಡಬ್ಬಿ ಉಗ್ರಾಣದಲ್ಲಿತ್ತು. ಉಗ್ರಾಣಕ್ಕೆ ಬೀಗ ಬಿದ್ದಿತ್ತು. ಬೀಗದ ಕೈ?

"ವೀರೇಶ! ಕೀಲಿಕೈ ನಿನ್ನ ಕಿಸೆದಾಗ ಇತ್ತಲ್ಲಲೇ! ಉಗ್ರಾಣ ನಿನಗ ವಹಿಸಿದ್ದು! ನೀನು ಬೀಗರ ಮುಂದ ಹಲ್ಲು ಕಿಸ್ಕೊಂಡು ಅಡ್ಡಾಡಿ, ನಾನು ಮಗಳಿಗೆ ಅಕ್ಕಿಕಾಳು ಹಾಕೋದು ಬಿಟ್ಟು ತುಪ್ಪ ಹುಡುಕ್ಕೋತ..." ಎಂದು ಶುರು ಮಾಡಿದವನು ಎಷ್ಟು ಹೊತ್ತು ಹೇಳಿದೆನೋ ನನಗೇ ತಿಳಿಯದು. ಉಸಿರಿಗೆಂದು ನಿಂತಾಗ ಪಕ್ಕದ ಮನೆಯವರು ಬಾಗಿಲಲ್ಲಿದ್ದರು. ವೀರೇಶ ತಣ್ಣಗೆ ಎದ್ದು, "ಅಕ್ಕಾ, ಸಿಡಿ ಬಂದ್ ಮಾಡು. ಇನ್ನ ಅದು ಯಾತಕ್ಕ ಬೇಕು?" ಎಂದ.

ಸೋತದ್ದು ಸೋತದ್ದೇ. ಅಂಗಡಿಯಲ್ಲೇ ಇರುತ್ತೇನೆ ಬಿಡ್ರಿ ಎಂದು ಟವೆಲು ಹೆಗಲಿಗೇರಿಸಿಕೊಂಡು ಎದ್ದೆ. ಆಗ ಸುಮಾ ಬಾಯಿ ತೆರೆದಳು.

"ಅಪ್ಪ ಮುಂದಿನ ಕುರ್ಚ್ಯಾಗ ಕೂಡ್ಲಿ. ಅಪ್ಪನ ದನಿ ಕೇಳಿ ಓಡಿಹೋಗೋ ಮಂದಿ ಆದ್ರ ನಾಳೀನ ಓಡಿಹೋಗ್ಲಿ. ಮದುವಿ ಆದ ಮ್ಯಾಲ ಓಡಿದ್ರ ನಾನೇನು ಮಾಡ್ಲಿ?"

ಹೀಗೆ ಕುರ್ಚಿ ನನಗೇ ಸಿಕ್ಕಿತು. ಆದರೆ ಮಗಳು ನನ್ನನ್ನು ಹೊಗಳಿದಳೋ, ಹುಡುಗನ ಕಡೆಯವರಿಗೆ ಪರೀಕ್ಷೆ ಅಂತ ಇಟ್ಟಳೋ, ಅದು ಮಾತ್ರ ಬಗೆಹರಿಯಲಿಲ್ಲ. ಅಲ್ಲೇ ಕೇಳಿಬಿಡೋಣವೆಂದು ಬಾಯಿ ತೆರೆದೆ. ಮೂವರೂ ಒಟ್ಟಿಗೆ ನನ್ನ ಕಡೆ ನೋಡಿದರು. ಯಾಕೋ ಸುಮ್ಮನೆ ಮುಚ್ಚಿಕೊಂಡೆ.