ಕಾರಿನ ಎಂಜಿನ್ನೂ ಅಪ್ಪನ ಪಂಕ್ತಿಯೂ

ಕೆಟ್ಟುಹೋದ ವಸ್ತುಗಳನ್ನು ರಿಪೇರಿ ಮಾಡುವವರು ಲೋಕದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಚೆನ್ನಾಗಿರುವುದನ್ನು ರಿಪೇರಿ ಮಾಡುವ ಚಪಲ ಮಾತ್ರ ನನ್ನಂಥ ಕೆಲವರಿಗೇ ಅಂಟಿಕೊಂಡದ್ದು. ನಮ್ಮ ಮನೆಯ ಮಿಕ್ಸಿ, ಗೋಡೆ ಗಡಿಯಾರ, ಅಮ್ಮನ ರೇಡಿಯೋ ಎಲ್ಲವೂ ಈ ಕೈ ತಾಗಿಯೇ ಮೋಕ್ಷ ಕಂಡವು. ಈಗ ನಾನು ಸ್ಕ್ರೂಡ್ರೈವರ್ ಹಿಡಿದು ನಡುಮನೆಗೆ ಬಂದರೆ ಸಾಕು, ಹೆಂಡತಿ ಸುಮತಿ ಫ್ರಿಜ್ಜಿಗೆ ಬೆನ್ನು ಕೊಟ್ಟು ನಿಂತುಬಿಡುತ್ತಾಳೆ.

ಕಾರಿನ ಪ್ರಸಂಗವೂ ಹಾಗೆಯೇ ಆದದ್ದು. ಅದು ಅಪ್ಪನ ಕಾರು. ಅಪ್ಪ ಉಡುಪಿ ಕಡೆಯಿಂದ ಕೊಲ್ಕತ್ತಕ್ಕೆ ಬಂದು ಅಡುಗೆ ಕಾಂಟ್ರಾಕ್ಟಿನಲ್ಲಿ ಬೆಳೆದವರು. ಕಸ್ಬಾದ ನಮ್ಮ ಮನೆಯಿಂದ ಪಾರ್ಕ್ ಸ್ಟ್ರೀಟಿನ ಆಫೀಸುಗಳಿಗೆ ಸಾರು, ಪಲ್ಯ, ಪಾಯಸ ಹೊತ್ತದ್ದು ಇದೇ ಕಾರು. ಎಷ್ಟು ತೊಳೆದರೂ ಅದರ ಡಿಕ್ಕಿಯಿಂದ ಇಂಗಿನ ವಾಸನೆ ಹೋಗಿಲ್ಲ. ಭಾನುವಾರ ಮಾತ್ರ ಪಾತ್ರೆಗಳಿಗೆ ರಜೆ. ಅಂದು ಅಮ್ಮನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಅಪ್ಪ ಬಾರಾನಗರದ ಘಾಟಿಗೆ, ಅಂದರೆ ಹೊಳೆದಂಡೆಯ ಮೆಟ್ಟಿಲುಗಳಿಗೆ, ಹೋಗುತ್ತಿದ್ದರು. ಹಿಂದಿನ ಸೀಟಿನಲ್ಲಿ ನಾನು. ಅವರಿಬ್ಬರೂ ಹೊಳೆ ನೋಡುತ್ತ ಕೂತಿರುತ್ತಿದ್ದರು, ನಾನು ತಿಂಡಿಯ ಡಬ್ಬಿ ನೋಡುತ್ತ ಕೂತಿರುತ್ತಿದ್ದೆ.

ಅಪ್ಪ ಹೋದರು. ಕಾರಿಗೂ ವಯಸ್ಸಾಯಿತು, ಬಿಡಿಭಾಗ ಸಿಗುವುದಿಲ್ಲ. ಮುಂದಿನ ವಾರ ಗುಜರಿಗೆ ಕೊಡುವುದೆಂದು ತೀರ್ಮಾನವಾದಾಗ, ಏನನ್ನೂ ಕೇಳಿ ಗೊತ್ತಿಲ್ಲದ ಅಮ್ಮ ಕೇಳಿದರು: "ಕೊಡುವುದಾದ್ರೆ ಕೊಡು ಮಗಾ. ಅದಕ್ಕೆ ಮುಂಚೆ ಒಂದು ಸಲ ನನ್ನನ್ನು ಇದ್ರಲ್ಲೇ ಘಾಟಿಗೆ ಕರ್ಕೊಂಡು ಹೋಗು."

ಸುಮ್ಮನೆ ಕರೆದುಕೊಂಡು ಹೋಗಿದ್ದರೆ ನಿಮಗೆ ಹೇಳುವುದಕ್ಕೆ ನನ್ನ ಹತ್ತಿರ ಏನೂ ಇರುತ್ತಿರಲಿಲ್ಲ. ಕೊನೆಯ ಸವಾರಿ ಹೂವಿನಂತೆ ಹಗುರಾಗಿರಲಿ ಎಂದು ಶನಿವಾರ ಫೋನಿನಲ್ಲಿ ಒಂದು ವಿಡಿಯೋ ನೋಡಿ, ಹೊಸ ಸ್ಪಾರ್ಕ್ ಪ್ಲಗ್ ತಂದು ಬಾನೆಟ್ ಎತ್ತಿದೆ. ಎಂಜಿನ್ನಿನಲ್ಲಿ ಸಾಲಾಗಿ ನಾಲ್ಕು ಸಿಲಿಂಡರ್, ಪ್ರತಿಯೊಂದಕ್ಕೂ ಒಂದು ಪ್ಲಗ್. ಒಂದು ದುಂಡನೆಯ ಮುಚ್ಚಳದಿಂದ ಪ್ರತಿ ಪ್ಲಗ್ಗಿಗೂ ಒಂದೊಂದು ವಯರು; ಆ ಮುಚ್ಚಳವೇ ಸರದಿ ಪ್ರಕಾರ ಎಲ್ಲರಿಗೂ ಕಿಡಿ ಬಡಿಸುವುದು. ಮೊದಲನೆಯದನ್ನೂ ನಾಲ್ಕನೆಯದನ್ನೂ ಒಂದೊಂದಾಗಿ ಬಿಚ್ಚಿ ಜೋಡಿಸಿದೆ. ಅಷ್ಟಕ್ಕೇ ಧೈರ್ಯ ಬಂದು, ನಡುವಿನ ಎರಡರ ವಯರುಗಳನ್ನೂ ಒಟ್ಟಿಗೇ ಬುಡಸಮೇತ ಕಿತ್ತೆ.

ಮತ್ತೆ ಹಾಕುವಾಗ ಯಾವುದು ಎಲ್ಲಿಗೆ ಎಂದು ಮರೆತುಹೋಯಿತು. ಆಗ ನನ್ನೊಳಗಿನ ಅಡುಗೆಯವರ ಮಗ ಎಚ್ಚರಗೊಂಡ. ಬಡಿಸುವಾಗ ಎಲೆ ಹಾರಿಸಬಾರದು ಎಂಬುದು ಅಪ್ಪ ನನಗೆ ಕಲಿಸಿದ ಮೊದಲ ಪಾಠ. ಕೂತವನು ಆಫೀಸಿನ ದೊಡ್ಡ ಸಾಹೇಬನಾಗಲಿ, ಅವನ ಡ್ರೈವರಾಗಲಿ, ಒಂದನೇ ಎಲೆಯಾದ ಮೇಲೆ ಎರಡನೆಯದು. ಪಂಕ್ತಿಭೇದ ಮಾಡಿದವನಿಗೆ ನಮ್ಮ ಅಡುಗೆಮನೆಯಲ್ಲಿ ಜಾಗವಿರಲಿಲ್ಲ. ಹಾಗಾಗಿ ಮುಚ್ಚಳದ ಮೇಲೆ ಸರದಿಯಲ್ಲಿ ಒಂದರ ಮುಂದಿನ ಜಾಗವನ್ನು ಎರಡಕ್ಕೆ ಕೊಟ್ಟು, ಉಳಿದದ್ದನ್ನು ಮೂರಕ್ಕೆ ಕೊಟ್ಟು, ಧರ್ಮ ಪಾಲಿಸಿದ ತೃಪ್ತಿಯಿಂದ ಕೈ ತೊಳೆದೆ.

ಭಾನುವಾರ ಬೆಳಿಗ್ಗೆ ಅಮ್ಮ ರೇಷ್ಮೆ ಸೀರೆಯುಟ್ಟು, ಮಡಿಲಲ್ಲಿ ಗೋಳಿಬಜೆಯ ಡಬ್ಬಿ ಇಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂತರು, ಸುಮತಿಯೂ ಮಗಳೂ ಹಿಂದೆ. ಕೀಲಿ ತಿರುಗಿಸಿದೆ. ಕಾರು ಮೈಮೇಲೆ ದೇವರು ಬಂದಂತೆ ನಡುಗಿ, ಹಿಂದಿನಿಂದ ಢಬ್ಬೆಂದಿತು. ಡಬ್ಬಿಯೊಳಗೆ ಗೋಳಿಬಜೆ ಕುಣಿಯುವುದು ಕೇಳಿಸಿತು. "ಅಪ್ಪಾ, ಮಸಾಜ್ ಚೇರ್ ಥರಾ ಆಗ್ತಿದೆ, ಸ್ಟಾಪ್ ಇಟ್!" ಎಂದು ಮಗಳು ಹಿಂದಿನಿಂದ ಕೂಗಿದಳು. ಎದುರುಮನೆಯ ಬಂಗಾಳಿ ದಾದಾ ಲುಂಗಿಯಲ್ಲೇ ಓಡಿ ಬಂದು, ಕಣ್ಣು ಮುಚ್ಚಿ ಸದ್ದು ಆಲಿಸಿ, "ಗ್ಯಾಸ್ ಹೋ ಗಯಾ" ಎಂದರು. ಅವರ ಪ್ರಕಾರ ಮನುಷ್ಯನಿಗಾಗಲಿ ಯಂತ್ರಕ್ಕಾಗಲಿ ಇರುವುದು ಅದೊಂದೇ ಕಾಯಿಲೆ.

ನಾನು ಪೆಟ್ರೋಲನ್ನು ಅನುಮಾನಿಸಿದೆ, ಬ್ಯಾಟರಿಯನ್ನು ಅನುಮಾನಿಸಿದೆ, ಪ್ಲಗ್ ಮಾರಿದವನ ಮೇಲೂ ಗುಮಾನಿಪಟ್ಟೆ. ಸುಮತಿ ಮಾತ್ರ ತಣ್ಣಗೆ, "ಮೊನ್ನೆ ಚೆನ್ನಾಗೇ ಓಡ್ತಿತ್ತು. ಆಮೇಲೆ ಒಳಗೆ ಹೋದದ್ದು ನಿಮ್ಮ ಕೈ ಒಂದೇ" ಎಂದಳು. ಕಾರು ಇವತ್ತು ಹೊರಡದಿದ್ದರೆ ಇನ್ನು ಹೊರಡುವುದಿಲ್ಲ ಎಂದು ನನಗೆ ಗೊತ್ತಿತ್ತು. ಅಮ್ಮ ಸೀಟು ಬಿಟ್ಟು ಇಳಿದಿರಲಿಲ್ಲ. ಅವರ ಮುಖ ನೋಡುವುದಕ್ಕೆ ನನಗೆ ನಾಚಿಕೆಯಾಯಿತು.

"ವಯರು ಕಿತ್ತಿದ್ದಿಯಾ?" ಅಮ್ಮ ಕಿಟಕಿಯಿಂದ ಕೇಳಿದರು. "ಹೇಗೆ ಹಾಕಿದೆ?"

"ಸಾಲಾಗಿ ಅಮ್ಮಾ. ಒಂದಾದ ಮೇಲೆ ಎರಡು."

ಅಮ್ಮನಿಗೆ ನಗು ತಡೆಯಲಾಗಲಿಲ್ಲ. "ಅಯ್ಯೋ ಮಾರಾಯಾ, ಅವೆಂತ ಊಟಕ್ಕೆ ಕೂತದ್ದಾ? ಒಂದಾದ ಮೇಲೆ ಮೂರು, ಆಮೇಲೆ ನಾಲ್ಕು, ಎರಡಕ್ಕೆ ಕೊನೆಗೆ. ಬಾನೆಟ್ ತೆಗೆದಾಗೆಲ್ಲ ನಿನ್ನ ಅಪ್ಪ ಹೇಳ್ತಿದ್ರು, 'ಪಂಕ್ತಿಭೇದ ಮಾಡಿದ್ರೇ ಓಡುವುದು ಇದೊಂದೇ ಮಾರಾಯ್ತಿ' ಅಂತ. ಟಾರ್ಚ್ ಹಿಡ್ದು ನಿಲ್ತಾ ಇದ್ದದ್ದು ನಾನಲ್ವಾ?"

ಅಪ್ಪ ನಿಯಮವನ್ನು ನನಗೆ ಕಲಿಸಿ, ಅದನ್ನು ಮುರಿಯುವ ಗುಟ್ಟನ್ನು ಅಮ್ಮನಿಗೆ ಮಾತ್ರ ಹೇಳಿದ್ದರು. ಸ್ವಲ್ಪ ಹೊಟ್ಟೆಕಿಚ್ಚಾಯಿತು ಎಂದರೆ ಸುಳ್ಳಲ್ಲ. ವಯರುಗಳನ್ನು ಅದಲುಬದಲು ಮಾಡಿ ಮತ್ತೆ ಕೀಲಿ ತಿರುಗಿಸಿದೆ. ಎಂಜಿನ್ ಒಮ್ಮೆ ಗಂಟಲು ಸರಿಮಾಡಿಕೊಂಡು, ಆ ಹಳೆಯ ಭಾನುವಾರಗಳ ದನಿಯಲ್ಲಿ ಗುನುಗತೊಡಗಿತು. "ಹಾಂ, ಇದೇ ಸದ್ದು" ಎಂದು ಅಮ್ಮ ಡ್ಯಾಶ್‌ಬೋರ್ಡಿನ ಮೇಲೆ ಕೈಯಿಟ್ಟರು. ದಾರಿಯುದ್ದಕ್ಕೂ ಆ ಕೈ ತೆಗೆಯಲಿಲ್ಲ. ಅಪ್ಪ ತೀರಿಕೊಂಡಾಗಲೂ ಅಳದಿದ್ದ ನನಗೆ ಟ್ರಾಫಿಕ್ ಸಿಗ್ನಲ್ಲಿನಲ್ಲಿ ಕಣ್ಣು ತುಂಬಿತು.

ಘಾಟಿನ ಮೆಟ್ಟಿಲ ಮೇಲೆ ನಾಲ್ವರೂ ಸಾಲಾಗಿ ಕೂತೆವು: ಸುಮತಿ, ಅವಳ ಪಕ್ಕ ನಾನು, ಆಮೇಲೆ ಮಗಳು, ತುದಿಯಲ್ಲಿ ಅಮ್ಮ. ಹೊಳೆ ನೋಡಿ ಸಾಕಾದ ಮೇಲೆ ಅಮ್ಮ ಡಬ್ಬಿ ತೆರೆದು ಬಡಿಸಲು ಎದ್ದರು. ಮೊದಲು ಸುಮತಿಗೆ ಕೊಟ್ಟರು. ನಾನು ಕೈ ಚಾಚಿದೆ. ಡಬ್ಬಿ ನನ್ನನ್ನು ದಾಟಿ ಮಗಳ ಹತ್ತಿರ ಹೋಯಿತು. ಆಮೇಲೆ ಅಮ್ಮ ತಮ್ಮ ಜಾಗಕ್ಕೆ ಹೋಗಿ ಕೂತು, ಒಂದು ಗೋಳಿಬಜೆಯನ್ನು ನಿಧಾನವಾಗಿ ತಾವು ತಿಂದರು.

"ಅಮ್ಮಾ, ಇದು ಪಂಕ್ತಿಭೇದ!" ಎಂದೆ.

"ಸುಮ್ಮನಿರು. ಮನೆಗೆ ವಾಪಸ್ ಓಡ್ಬೇಕಲ್ಲ" ಎಂದು ಅಮ್ಮ ಡಬ್ಬಿಯನ್ನು ನನ್ನತ್ತ ನೂಕಿದರು. ಒಳಗೆ ಒಂದೇ ಒಂದು ಉಳಿದಿತ್ತು.