ಅತ್ತೆಯ ಮಾತ್ರೆಯಲ್ಲಿ ಪಾಲು

ಖಾಲಿಯಾದದ್ದನ್ನೆಲ್ಲ ನಂಬಿಬಿಡುವುದು ನನ್ನಂಥ ಗೃಹಿಣಿಯರ ದೌರ್ಬಲ್ಯ. ಡಬ್ಬಿ ಖಾಲಿಯಾಗಿ ಬಂದರೆ ಮಗಳು ಊಟ ಮಾಡಿದ್ದಾಳೆ, ಪಾತ್ರೆ ಖಾಲಿಯಾದರೆ ಸಾರು ಚೆನ್ನಾಗಿತ್ತು. ದಾಸವಾಳದ ಗಿಡದ ಬುಡದಲ್ಲಿ ಒಮ್ಮೆ ನಾನೇ ಮಾಡಿದ ಉಪ್ಪಿಟ್ಟು ಸಿಕ್ಕಿದ ಮೇಲೂ ನನಗೆ ಬುದ್ಧಿ ಬರಲಿಲ್ಲ. ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರ್ ನಮ್ಮ ತಟ್ಟೆಗಳನ್ನಷ್ಟೇ ನೋಡುತ್ತಿದ್ದರು, ಬೆಂಚಿನ ಕೆಳಗೆ ಬಗ್ಗಿ ನೋಡುತ್ತಿರಲಿಲ್ಲ. ಆ ಶಿಸ್ತನ್ನೇ ನಾನು ಮಂಡ್ಯದ ಈ ಮನೆಗೂ ತಂದೆ.

ಹೀಗಿರುವಾಗ ಕೆರಗೋಡಿನ ಗದ್ದೆ ಬದುಗಳಲ್ಲಿ ಓಡಾಡಿ ಬೆಳೆದ ನಮ್ಮ ಅತ್ತೆಗೆ ಬಿಪಿ ಬಂತು. "ಇನ್ನು ಜೀವನಪೂರ್ತಿ ದಿನಕ್ಕೊಂದು ಮಾತ್ರೆ" ಎಂದು ಡಾಕ್ಟರು ಹೇಳಿದಾಗ ಅತ್ತೆ ನನ್ನ ಕಿವಿಯಲ್ಲಿ, "ಅಲ್ಲೀಗಂಟ ಈ ಡಾಕ್ಟ್ರು ಇರ್ತಾರೇನಮ್ಮ?" ಎಂದರು. ನಮ್ಮ ಬೀದಿಯ ಮೆಡಿಕಲ್ ಸ್ಟೋರಿನಲ್ಲಿ ಫಾರ್ಮಸಿಸ್ಟ್ ಆಗಿರುವವಳು ಮದ್ದೂರಿನ ಸವಿತಾ. ಮಾತ್ರೆ ಕೊಟ್ಟು ಚಿಲ್ಲರೆ ಎಸೆಯುವ ಪೈಕಿಯವಳಲ್ಲ. "ಅವ್ವಾ, ಇದು ಜ್ವರದ ಮಾತ್ರೆ ಥರ ಅಲ್ಲ. ಚೆನ್ನಾಗಿವ್ನಿ ಅಂತ ನೀವಾಗೇ ನಿಲ್ಲಿಸ್ಬುಡ್ಬೇಡಿ. ಕಾಲು ಊದಿದ್ರೆ, ತಲೆ ಸುತ್ತಿದ್ರೆ ನಂಗೇಳಿ" ಎಂದಳು. ಕೆಲವು ದಿನ ಬಿಟ್ಟು ಫೋನ್ ಮಾಡಿ ವಿಚಾರಿಸಿದಳು ಕೂಡ. ನಾನು ತವರಿಗೆ ಹೋದಾಗಲೂ ನಮ್ಮೆಜಮಾನರು ಅಷ್ಟು ಕಾಳಜಿಯಿಂದ ಫೋನ್ ಮಾಡಿದ್ದಿಲ್ಲ. ಮಾತ್ರೆಯ ಶೀಟು ಸರಿಯಾಗಿ ಖಾಲಿಯಾಗುತ್ತಿದೆ ಎಂದು ನಾನು ಹೆಮ್ಮೆಯಿಂದ ವರದಿ ಒಪ್ಪಿಸಿದೆ.

ಆದರೆ ಮುಂದಿನ ಸಲ ನೋಡಿದರೆ ಅತ್ತೆಯ ಬಿಪಿ ಇಳಿದೇ ಇಲ್ಲ. ಡಾಕ್ಟರು ಮಾತ್ರೆಯ ಪ್ರಮಾಣವನ್ನು ದುಪ್ಪಟ್ಟು ಮಾಡಿದರು. ಚೀಟಿ ನೋಡಿದ ಸವಿತಾ ಮಾತ್ರೆ ತೆಗೆಯಲಿಲ್ಲ. ಅತ್ತೆಯನ್ನು ಸ್ಟೂಲಿನ ಮೇಲೆ ಕೂರಿಸಿ ಕೇಳಿದಳು.

"ಅವ್ವಾ, ಮಾತ್ರೆ ಯಾವಾಗ ನುಂಗ್ತೀರಿ?"

"ಸಂಜೆ ಒತ್ತು, ಜಗಲಿ ಮ್ಯಾಲೆ."

"ನೀರಿನ ಜೊತೆನಾ, ಮಜ್ಜಿಗೆ ಜೊತೆನಾ?"

"ಚಿಕ್ಕತಾಯಿ ಜೊತೆ."

ಚಿಕ್ಕತಾಯಮ್ಮ ಪಕ್ಕದ ಮನೆಯವರು, ಅತ್ತೆಯ ಸಂಜೆಯ ಗೆಳತಿ. "ಒಂದಿನ ನಂಗೆ, ಒಂದಿನ ಅವ್ಳ್ಗೆ. ಅವ್ಳ್ಗೂ ತಲೆ ತಿರುಗ್ತದೆ ಕಣಮ್ಮ. ಎದ್ರುಗಡೆ ಕುಂತಿರೋಳ್ಗೆ ಕೊಡ್ದೆ ನಾನೊಬ್ಳೇ ಎಂಗೆ ಬಾಯ್ಗಾಕ್ಕೊಳ್ಳಿ? ನಾವೇನ್ ಅಂಥೋರಾ?" ಎಂದರು ಅತ್ತೆ. ನಿಜವೇ. ನಮ್ಮ ಮನೆಯಲ್ಲಿ ಹಲಸಿನ ಹಣ್ಣು ಕೊಯ್ದರೂ, ಅವರೆಕಾಳು ಬೇಯಿಸಿದರೂ ಗೋಡೆಯಾಚೆ ಒಂದು ಬಟ್ಟಲು ಹೋಗಲೇಬೇಕು. ಆ ಪಟ್ಟಿಗೆ ಮಾತ್ರೆಯೂ ಸೇರೀತೆಂದು ಯಾರಿಗೆ ಗೊತ್ತು?

ನನಗೆ ನಗು ಬಂತು. ಸವಿತಾಗೆ ಬರಲಿಲ್ಲ. "ನೀವು ದಿನಾ ನುಂಗ್ತಿದೀರಿ ಅನ್ಕೊಂಡು ಡಾಕ್ಟ್ರು ಜಾಸ್ತಿ ಮಾಡವ್ರೆ. ಇದ್ನ ನಿಜವಾಗ್ಲೂ ದಿನಾ ನುಂಗಿದ್ರೆ ಬಚ್ಚಲಲ್ಲಿ ತಲೆ ಸುತ್ತಿ ಬಿದ್ದೋಗ್ಬೋದಿತ್ತವ್ವ!" ಎಂದಳು. ಡಾಕ್ಟರಿಗೆ ಫೋನ್ ಮಾಡಿ ವಿಷಯ ತಿಳಿಸಿದಳು. ಹಳೆಯ ಪ್ರಮಾಣವೇ ಸಾಕು, ಆದರೆ ಪಾಲುದಾರರು ಬೇಡ ಎಂದಾಯಿತು. ಬಚ್ಚಲು ಎಂದ ಮೇಲೆ ನನ್ನ ನಗುವೂ ನಿಂತಿತ್ತು.

ಆ ಸಂಜೆಯೇ ಚಿಕ್ಕತಾಯಮ್ಮನನ್ನು ಅಂಗಡಿಗೆ ಕರೆದೊಯ್ದೆವು. ಸವಿತಾ ತೋಳಿಗೆ ಪಟ್ಟಿ ಕಟ್ಟಿ ನೋಡಿದರೆ ಅವರಿಗೆ ಬಿಪಿ ಜಾಸ್ತಿ ಇರಲೇ ಇಲ್ಲ. ಚಿಕ್ಕತಾಯಮ್ಮ ಅತ್ತೆಯ ಮೇಲೆ ತಿರುಗಿಬಿದ್ದರು. "ಲೇ, ನಿನ್ ಮಾತ್ರೆ ನುಂಗ್ದಾಗ್ಲೆಲ್ಲ ಮಂಚವೇ ತಿರುಗೋದು ಕಣೆ! ಬ್ಯಾಡ ಅಂದ್ರೆ ನೀನು ಬೇಜಾರ್ ಮಾಡ್ಕತೀಯ ಅಂತ ಸುಮ್ಕಿದ್ದೆ."

"ಬಾಯ್ ಬುಟ್ಟು ಏಳ್ಬಾರ್ದಾ? ನಿನ್ನ ನಾನೇ ಸಾಯಿಸ್ಬುಡ್ತಿದ್ನಲ್ಲೇ!" ಎಂದು ಅತ್ತೆ ಅವರ ಕೈ ಹಿಡಿದುಕೊಂಡರು. ಸಂಕೋಚಕ್ಕೂ ಮದ್ದು ಇದೆಯೇ ಎಂದು ಸವಿತಾಳನ್ನು ಕೇಳೋಣ ಅನ್ನಿಸಿತು.

ಅಷ್ಟರಲ್ಲಿ ಅವಳೇ, "ಅಕ್ಕಾ, ಬಂದಿದ್ದೀರಿ, ನಿಮ್ದೂ ನೋಡ್ಬುಡ್ಲಾ?" ಎಂದಳು. ಇಬ್ಬರು ಮುದುಕಿಯರಿಗೆ ಬುದ್ಧಿ ಹೇಳುವ ಉತ್ಸಾಹದಲ್ಲಿದ್ದ ನಾನು ಬಳೆ ಸರಿಸಿ ಕೈ ಚಾಚಿದೆ. ಸವಿತಾ ಒಮ್ಮೆ ನೋಡಿದಳು, ಮತ್ತೊಮ್ಮೆ ನೋಡಿದಳು. ಆಮೇಲೆ, "ಡಾಕ್ಟ್ರ ಹತ್ರ ಹೋಗ್ಬನ್ನಿ ಅಕ್ಕ" ಎಂದಳು.

ಅತ್ತೆಯ ಬಿಪಿ ಈಗ ಇಳಿದಿದೆ. ಸಂಜೆ ಜಗಲಿಯ ಮೇಲೆ ಅತ್ತೆ ತಮ್ಮ ಮಾತ್ರೆ, ನಾನು ನನ್ನ ಮಾತ್ರೆ, ಎದುರುಬದುರು ಕೂತು ನುಂಗುತ್ತೇವೆ. ಚಿಕ್ಕತಾಯಮ್ಮನಿಗೆ ಬೇಜಾರಾಗದಿರಲೆಂದು ಅತ್ತೆ ದಿನವೂ ಒಂದು ಚೂರು ಅಚ್ಚುಬೆಲ್ಲ ಕೊಡುತ್ತಾರೆ. ಅದನ್ನು ಅವರು ಕಣ್ಣು ಮುಚ್ಚಿ ಚಪ್ಪರಿಸುವಾಗ ನನ್ನ ಬಿಪಿ ಕೊಂಚ ಏರುತ್ತದೆ. ಇದನ್ನು ಮಾತ್ರೆಯ ಅಡ್ಡಪರಿಣಾಮವೆಂದು ಸವಿತಾಗೆ ಹೇಳಬಹುದೋ ಇಲ್ಲವೋ ಎಂದು ಯೋಚಿಸುತ್ತಿದ್ದೇನೆ.